ಬಕ್

ಖಡಕಿ ಬಜಾರಿನ ನಮ್ಮ ಅಂಗಡಿಯಲ್ಲಿ ಮೂರು ಕನ್ನಡಿ.
ನಡುವಿನದು ಸಾಬಣ್ಣಜ್ಜನ ಕಾಲದ್ದು,
ಅಂಚಿನ ಪಾದರಸ ಕಿತ್ತು
ಗಿರಾಕಿಯ ಕಿವಿ ಇರಬೇಕಾದಲ್ಲಿ ಹಲಗೆ ಕಾಣುತ್ತದೆ.

ಅದರೆದುರು ಗೋರಾ ಸಿಪಾಯಿಗಳು
ಗದ್ದ ಎತ್ತಿ ಕೂರುತ್ತಿದ್ದರಂತೆ, ಯುದ್ಧದ ವರ್ಷಗಳಲ್ಲಿ.
ಅಜ್ಜನಿಗೆ ಆಗ ಹದಿನಾರು. ಯಾದಗಿರಿಯಲ್ಲಿ ರೈಲು ಹತ್ತಿ
ಪುಣೆಯಲ್ಲಿ ಇಳಿಯುವವರೆಗೂ ಮಾತು ನಿಲ್ಲಿಸದವ.
ನೊರೆ ಕಲಸುತ್ತ ಕನ್ನಡ, ಕತ್ತಿ ಮಸೆಯುತ್ತ ಉರ್ದು,
ಕತ್ತಿ ಕೊರಳಿಗೆ ಬಂದಾಗ ಎರಡೂ ಕಲಸಿದ ಮೇಲೋಗರ.
ಸಾರ್ಜೆಂಟ್ ಪಿಲ್ಬೀಮ್ ಎಂಬವನೊಬ್ಬ ಮಾತ್ರ
ಕಣ್ಣು ತೆರೆಯದೆ ಅನ್ನುತ್ತಿದ್ದ:
ನೋ ಬಕ್, ಬಾಯ್. ನೋ ಬಕ್.

ಅಜ್ಜನ ಇಂಗ್ಲಿಷ್ ಶಾಲೆ ಅಲ್ಲೇ ಶುರು, ಅಲ್ಲೇ ಮುಕ್ತಾಯ.
ಆ ಒಂದು ಮಾತನ್ನು ಆತ ಜೀವಮಾನವಿಡೀ ಸವೆಸಿದ.
ರೇಶನ್ ಗುಮಾಸ್ತನಿಗೆ, ರೇಡಿಯೋದ ವಾರ್ತೆಗೆ,
ಒಗ್ಗರಣೆಯ ನಡುವೆ ತವರಿನ ಪುರಾಣ ತೆಗೆದ ಸಿದ್ದಮ್ಮಜ್ಜಿಗೆ,
ಎಲ್ಲರಿಗೂ ನೋ ಬಕ್.
'ಹಂಗಂದ್ರ ಏನ್ರೀ?' ಎಂದು ಅಜ್ಜಿ ಕೇಳಿದರೆ
'ಅದು ರಾಜನ ಭಾಷಾ, ನಿನಗ ತಿಳಿಯಾಂಗಿಲ್ಲ.'
ಕಾಡುಹರಟೆ, ವಟವಟ, ಲೊಟಲೊಟ, ಗಳಹು,
ಮನೆಯ ಮಾತುಗಳೆಲ್ಲ ಹಿತ್ತಿಲಲ್ಲೇ ಉಳಿದವು,
ಬಕ್ ಒಂದೇ ಕುರ್ಚಿಯ ಮೇಲೆ ಕೂತಿತ್ತು.

ಒಂದು ಭಾನುವಾರ ಕ್ಯಾಂಪಿನ ಫುಟ್‌ಪಾತಿನಲ್ಲಿ
ಮುರಿದ ಇಸ್ತ್ರಿಪೆಟ್ಟಿಗೆಯ ಪಕ್ಕ ನನಗೊಂದು ನಿಘಂಟು ಸಿಕ್ಕಿತು.
ಮುಖಪುಟವಿಲ್ಲ, ಹೆಸರನ್ನು ಇಲಿ ತಿಂದಿತ್ತು,
ತೂಕಕ್ಕೆ ಹಾಕಿ ಕೊಟ್ಟ.
ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತು ಅಜ್ಜನಿಗೆ ಓದಿ ಹೇಳಿದೆ:
ಬಕ್, ಅಂದರೆ ಹರಟುವುದು, ಬಡಾಯಿ ಕೊಚ್ಚುವುದು,
ಇಲ್ಲಿದ್ದ ಇಂಗ್ಲಿಷರ ಆಡುಮಾತು,
ಮೂಲ, ಹಿಂದಿಯ ಬಕನಾ.

'ಏನಂದಿ?'
ಮತ್ತೊಮ್ಮೆ ಓದಿದೆ.
ಎಂಬತ್ತೆಂಟರ ಗಂಟಲಲ್ಲಿ ಏನೋ ಹತ್ತಿ ಇಳಿಯಿತು.
'ಅಂದ್ರ ನಮ್ಮ ಸಂತ್ಯಾಗಿಂದು ಒಯ್ದು
ನಮಗಽ ಮಾರಿದನಲ್ಲೋ ಮಗ!'
ಆಮೇಲೆ ಸಂಜೆಯವರೆಗೂ ಅಜ್ಜ ಮಾತಾಡಲಿಲ್ಲ.
ಪಕ್ಕದ ಪಾನಿನಂಗಡಿಯ ಘೋಡಕೆ ಬಂದು
ಜ್ವರವೇ ಎಂದು ಹಣೆ ಮುಟ್ಟಿ ನೋಡಿದ.

ಹೆದರಿಕೆಯಾಗಿ ಸ್ಕೂಟರಿನಲ್ಲಿ ಕೂರಿಸಿಕೊಂಡು
ಹೋಳ್ಕರ್ ಸೇತುವೆಗೆ ಕರೆದೊಯ್ದೆ.
ಮುಳಾ ನದಿಯಲ್ಲಿ ನೀರಿಗಿಂತ ಜಲಕಳೆ ಹೆಚ್ಚು,
ನಡುವೆ ಒಂಟಿ ಕಾಲಲ್ಲಿ ಬೆಳ್ಳಗೆ ನಿಂತಿತ್ತು.
'ಬಕ,' ಅಂದ ಅಜ್ಜ. 'ಇದರ ಹೆಸರೂ ಅದಽ ನೋಡು.
ಇದು ಬಾಯಿ ಬಿಟ್ಟಿದ್ದು ನಾ ಕೇಳಿಲ್ಲ.
ಬಾಯಿ ಮುಚ್ಚಿ ನಿಂತದ್ದರ ಕಣ್ಣು ಮೀನಿನ ಮ್ಯಾಲ ಇರತದ.
ಕೊರಳು ಕೊಡೂದಾದ್ರ
ಬಡಬಡಸೋ ಹಜಾಮನ ಕೈಯಾಗ ಕೊಡಬೇಕು.'

ರೈಲೊಂದು ದಾಪೋಡಿಯ ಕಡೆ ಹೋಯಿತು.
ಅದು ಹೋಗಿ ಮುಗಿದ ಮೇಲೆ
ಎಪ್ಪತ್ತು ವರ್ಷ ಹೇಳದಿದ್ದುದನ್ನು ಹೇಳಿದ:
ಬರ್ಮಾಕ್ಕೆ ಹೊರಡುವ ಹಿಂದಿನ ದಿನ
ಪಿಲ್ಬೀಮ್ ಬಂದು ಕೂತನಂತೆ, ಗಡ್ಡವೇ ಇಲ್ಲದ ಮುಖಕ್ಕೆ
ಇನ್ನೊಮ್ಮೆ ನೊರೆ ಹಚ್ಚಿಸಿಕೊಂಡು
ಒಂದು ತಾಸು ತಾನೇ ಮಾತಾಡಿದನಂತೆ.
ಯಾವುದೋ ಹೆಂಗಸಿನ ಹೆಸರು ಮೂರು ಸಲ ಬಂತು,
ಒಂದು ನಾಯಿಯದೂ ಇದ್ದೀತು.
ಒಂದಕ್ಷರ ತಿಳಿಯಲಿಲ್ಲ.
'ನೀ ಅವಗ ನೋ ಬಕ್ ಅನ್ನಲಿಲ್ಲೇನು?'
'ಹ್ಯಾಂಗ ಅನ್ಲೋ.
ನೊರೆ ಒಣಗಿತು. ಮತ್ತ ಹಚ್ಚಿದೆ.'

ಈಗ ನನ್ನ ಗಿರಾಕಿಗಳು ಕಿವಿಗೆ ಬಿರಡೆ ಹಾಕಿಕೊಂಡು
ಕಣ್ಣು ಮುಚ್ಚಿ ಕೂರುತ್ತಾರೆ.
ಮಾತು ನನಗೂ ಅಷ್ಟು ಬಾರದು.
ಒಂದು ಎಳೆಗೂ ಇನ್ನೊಂದಕ್ಕೂ ನಡುವೆ
ಕತ್ತರಿ ಮಾತ್ರ ಬರಿಗಾಳಿಯಲ್ಲಿ
ಕಚಕಚ ಅನ್ನುತ್ತಲೇ ಇರುತ್ತದೆ, ಏನನ್ನೂ ಕತ್ತರಿಸದೆ.
ಅದನ್ನು ನನಗೆ ಯಾರೂ ಕಲಿಸಿಲ್ಲ.
ನಿಲ್ಲಿಸಿದರೆ ಕೈ ನಡುಗುತ್ತದೆ.